ಅಧಿಕಾರ ಮೊದಲು ಕೆಡಿಸುವುದು ಕೈಯನ್ನೋ, ಕಿವಿಯನ್ನೋ?

ಅಂಚಿನಟಿಪ್ಪಣಿ (ಚರ್ಚೆ ಆರಂಭಿಸಿದವರು)

ಅಧಿಕಾರದ ಭ್ರಷ್ಟತೆಯ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಹಣದ ಸುತ್ತಲೇ ಗಿರಕಿ ಹೊಡೆಯುತ್ತದೆ. ಯಾರು ಎಷ್ಟು ನುಂಗಿದರು, ಯಾರ ಮಗನಿಗೆ ಗುತ್ತಿಗೆ ಸಿಕ್ಕಿತು, ಯಾವ ಕಡತ ಎಷ್ಟಕ್ಕೆ ಮುಂದೆ ಸರಿಯಿತು ಎಂಬಲ್ಲಿಗೆ ಬಂದು ಮಾತು ನಿಂತುಬಿಡುತ್ತದೆ. ಸರ್ಕಾರಗಳ ಕೆಟ್ಟ ತೀರ್ಮಾನಗಳನ್ನು ನಾವು ಬೇರೆಯದೇ ಒಂದು ಕಾಯಿಲೆಯೆಂದು ಬಗೆದು, ಅದಕ್ಕೆ ಅಜ್ಞಾನವನ್ನೋ ಅದಕ್ಷತೆಯನ್ನೋ ಹೊಣೆ ಮಾಡುತ್ತೇವೆ. ಈ ಎರಡೂ ಒಂದೇ ಬೇರಿನಿಂದ ಹುಟ್ಟಿದವು ಎಂಬುದು ನನ್ನ ವಾದ. ಬೇಡದ ಸುದ್ದಿ ತನ್ನವರೆಗೆ ತಲುಪುವ ದಾರಿಗಳನ್ನು ಅಧಿಕಾರಸ್ಥನು, ಬಹಳ ಸಲ ತನಗೇ ಅರಿವಿಲ್ಲದೆ, ಒಂದೊಂದಾಗಿ ಮುಚ್ಚಿಕೊಳ್ಳುತ್ತಾನೆ. ಆಮೇಲೆ ಲೂಟಿಯನ್ನಾಗಲಿ ಮೂರ್ಖ ಯೋಜನೆಯನ್ನಾಗಲಿ ತಡೆದು ನಿಲ್ಲಿಸುವವರು ಹತ್ತಿರದಲ್ಲಿ ಯಾರೂ ಉಳಿದಿರುವುದಿಲ್ಲ.

ಅಧಿಕಾರವು ಕೆಡಿಸುತ್ತದೆ, ನಿರಂಕುಶ ಅಧಿಕಾರ ಸಂಪೂರ್ಣವಾಗಿ ಕೆಡಿಸುತ್ತದೆ ಎಂಬ ಬ್ರಿಟಿಷ್ ಇತಿಹಾಸಕಾರ ಲಾರ್ಡ್ ಆಕ್ಟನ್ ಅವರ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅವರು ಅದನ್ನು ಬರೆದ ಸಂದರ್ಭ ಮಾತ್ರ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. 1887ರಲ್ಲಿ ಮ್ಯಾಂಡೆಲ್ ಕ್ರೈಟನ್ ಎಂಬ ಇತಿಹಾಸಕಾರರಿಗೆ ಬರೆದ ಪತ್ರದಲ್ಲಿ ಅವರ ತಕರಾರು ಇದ್ದುದು ಪೋಪರ ಮೇಲೂ ರಾಜರ ಮೇಲೂ ಇತಿಹಾಸಕಾರರು ತೋರುವ ಮೃದುತ್ವದ ಬಗ್ಗೆ. ಸಾಮಾನ್ಯನು ಮಾಡಿದರೆ ಅಪರಾಧವೆನಿಸುವ ಕೆಲಸವನ್ನೇ ದೊಡ್ಡವರು ಮಾಡಿದಾಗ ಕಾಲದ ಅನಿವಾರ್ಯತೆಯೆಂದು ಏಕೆ ಬರೆಯುತ್ತೀರಿ ಎಂಬುದು ಅವರ ಪ್ರಶ್ನೆಯ ತಿರುಳು. ಅಂದರೆ ಆ ಪತ್ರ ಅಧಿಕಾರದಲ್ಲಿರುವವರನ್ನು ಎಷ್ಟು ಆಕ್ಷೇಪಿಸುತ್ತದೆಯೋ, ಅವರ ಸುತ್ತ ನಿಂತು ದನಿ ತಗ್ಗಿಸುವವರನ್ನೂ ಅಷ್ಟೇ ಆಕ್ಷೇಪಿಸುತ್ತದೆ.

ಕಿವಿ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ 1958ರಲ್ಲಿ ಚೀನಾದಲ್ಲಿ ಆರಂಭವಾದ ‘ಮಹಾ ಮುನ್ನೆಗೆತ’ (ಗ್ರೇಟ್ ಲೀಪ್ ಫಾರ್ವರ್ಡ್) ಎಂಬ ಉತ್ಪಾದನೆ ಹೆಚ್ಚಿಸುವ ಅಭಿಯಾನಕ್ಕಿಂತ ಘೋರವಾದ ನಿದರ್ಶನ ನನಗೆ ತಿಳಿಯದು. ಧಾನ್ಯದ ಇಳುವರಿ ಹಲವು ಪಟ್ಟು ಏರಬೇಕೆಂದು ಮೇಲಿನಿಂದ ಅಪ್ಪಣೆ ಬಂತು. ಏರಲಿಲ್ಲವೆಂದು ವರದಿ ಮಾಡಿದ ಸ್ಥಳೀಯ ಅಧಿಕಾರಿ ಪಕ್ಷದ್ರೋಹಿಯೆನಿಸಿಕೊಳ್ಳುತ್ತಿದ್ದ. ಸುಳ್ಳು ಅಂಕಿ ಕೊಟ್ಟವನಿಗೆ ಸನ್ಮಾನ ಸಿಗುತ್ತಿತ್ತು. ನಾಲ್ಕಾರು ಗದ್ದೆಗಳ ಪೈರನ್ನು ಕಿತ್ತು ತಂದು ಒಂದೇ ಗದ್ದೆಯಲ್ಲಿ ಒತ್ತೊತ್ತಾಗಿ ನಾಟಿ, ತನಿಖೆಗೆ ಬಂದ ನಾಯಕರಿಗೆ ತೋರಿಸುವ ಮಟ್ಟಕ್ಕೆ ಈ ನಾಟಕ ಹೋಯಿತು. ಆ ಸುಳ್ಳು ಅಂಕಿಗಳ ಆಧಾರದ ಮೇಲೆಯೇ ಸರ್ಕಾರ ರೈತರಿಂದ ಧಾನ್ಯ ವಸೂಲಿ ಮಾಡಿತು. ಕಾಗದದ ಮೇಲೆ ಬೆಳೆದದ್ದರ ಪಾಲನ್ನು ಹೊಲದಲ್ಲಿ ಬೆಳೆದದ್ದರಿಂದ ಕೊಡಬೇಕಾದಾಗ ಹಳ್ಳಿಗಳಲ್ಲಿ ತಿನ್ನುವುದಕ್ಕೆ ಏನೂ ಉಳಿಯಲಿಲ್ಲ.

ನನ್ನ ವಾದಕ್ಕೆ ಮುಖ್ಯವಾದದ್ದು 1959ರ ಘಟನೆ. ಲುಶಾನ್‌ನಲ್ಲಿ ನಡೆದ ಕಮ್ಯುನಿಸ್ಟ್ ಪಕ್ಷದ ಸಭೆಯ ಸಮಯದಲ್ಲಿ ರಕ್ಷಣಾ ಸಚಿವ ಪೆಂಗ್ ದೆಹುವಾಯ್ ಅವರು ಈ ಉತ್ಪ್ರೇಕ್ಷೆಗಳ ಬಗ್ಗೆ ಪಕ್ಷದ ಪರಮೋಚ್ಚ ನಾಯಕ ಮಾವೋ ಅವರಿಗೆ ಖಾಸಗಿ ಪತ್ರ ಬರೆದರು. ಮಾವೋ ಆ ಪತ್ರವನ್ನು ಸಭೆಯಲ್ಲಿ ಹಂಚಿಸಿ, ಬರೆದವರನ್ನು ಪಕ್ಷವಿರೋಧಿ ಗುಂಪಿನ ಮುಖಂಡನೆಂದು ದೂಷಿಸಿ, ಹುದ್ದೆಯಿಂದ ಇಳಿಸಿದರು. ಅಷ್ಟು ಹೊತ್ತಿಗೆ ಸ್ವಲ್ಪ ಸಡಿಲಗೊಳ್ಳುತ್ತಿದ್ದ ನೀತಿಗಳು ಮತ್ತೆ ಬಿಗಿಯಾದವು, ಏಕೆಂದರೆ ಈಗ ಅವುಗಳನ್ನು ಸಡಿಲಿಸುವುದೆಂದರೆ ಪೆಂಗ್ ಹೇಳಿದ್ದು ಸರಿಯೆಂದು ಒಪ್ಪಿಕೊಂಡಂತೆ ಆಗುತ್ತಿತ್ತು. ಕ್ಷಾಮ 1961ರವರೆಗೂ ಮುಂದುವರಿಯಿತು. ಸತ್ತವರ ಸಂಖ್ಯೆಯ ಅಂದಾಜುಗಳು ವಿದ್ವಾಂಸರಿಂದ ವಿದ್ವಾಂಸರಿಗೆ ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಬದಲಾಗುತ್ತವೆ. ಇಲ್ಲಿ ಯಾರೂ ಲಂಚ ತಿನ್ನಬೇಕಾಗಿಯೇ ಬರಲಿಲ್ಲ ಎಂಬುದನ್ನು ಗಮನಿಸಿ.

ಸಂದೇಹಿ

ಬರಹ ಚೆನ್ನಾಗಿದೆ, ಆದರೆ ಅದರ ಬುಡದಲ್ಲಿರುವ ಒಂದು ಊಹೆಯನ್ನು ನಾನು ಒಪ್ಪಲಾರೆ. ಒಳ್ಳೆಯ ಮನುಷ್ಯನೊಬ್ಬ ಕುರ್ಚಿಯ ಮೇಲೆ ಕೂರುತ್ತಾನೆ, ಕುರ್ಚಿ ಅವನನ್ನು ನಿಧಾನವಾಗಿ ಕೆಡಿಸುತ್ತದೆ ಎಂಬ ಚಿತ್ರ ನಮಗೆಲ್ಲ ಪ್ರಿಯವಾದದ್ದು. ಕುರ್ಚಿಗಾಗಿ ಹತ್ತಾರು ವರ್ಷ ಹೋರಾಡಿ, ಸ್ನೇಹಿತರನ್ನು ತುಳಿದು, ಕೊಟ್ಟ ಮಾತು ಮುರಿದು ಅಲ್ಲಿಗೆ ತಲುಪುವವರು ಎಂಥವರು ಎಂಬ ಪ್ರಶ್ನೆಯನ್ನು ಮಾತ್ರ ಆ ಚಿತ್ರ ಮರೆಮಾಚುತ್ತದೆ. ಅಧಿಕಾರ ಕೆಡಿಸುವುದಕ್ಕಿಂತ ಹೆಚ್ಚಾಗಿ ಕೆಟ್ಟವರನ್ನು ಸೆಳೆಯುತ್ತದೆ, ಸೆಳೆದ ಮೇಲೆ ಅವರ ನಿಜಬಣ್ಣವನ್ನು ಬಯಲು ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಅಧ್ಯಯನದ ಬೆಂಬಲವೂ ಇದೆ. ನ್ಯೂಯಾರ್ಕ್ ನಗರದಲ್ಲಿ ವಿಶ್ವಸಂಸ್ಥೆಗೆ ನಿಯುಕ್ತರಾದ ರಾಜತಾಂತ್ರಿಕರಿಗೆ ವಾಹನ ನಿಲುಗಡೆಯ ದಂಡ ಕಟ್ಟದೆ ಇರುವ ರಕ್ಷಣೆ ಇತ್ತು. ರೇಮಂಡ್ ಫಿಸ್ಮನ್ ಮತ್ತು ಎಡ್ವರ್ಡ್ ಮಿಗೆಲ್ ಎಂಬ ಅರ್ಥಶಾಸ್ತ್ರಜ್ಞರು 1997ರ ನವೆಂಬರಿನಿಂದ 2002ರ ಕೊನೆಯವರೆಗಿನ ದಾಖಲೆಗಳನ್ನು ಜಾಲಾಡಿದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಪಾವತಿಯಾಗದ ದಂಡದ ಚೀಟಿಗಳು ಸಿಕ್ಕವು. ಎಲ್ಲರಿಗೂ ಒಂದೇ ರಕ್ಷಣೆ, ಒಂದೇ ನಗರ, ಒಂದೇ ರಸ್ತೆಗಳು. ಹಾಗಿದ್ದರೂ ಸ್ವೀಡನ್ ಮತ್ತು ನಾರ್ವೆಯ ರಾಜತಾಂತ್ರಿಕರ ಹೆಸರಿನಲ್ಲಿ ಇಂಥ ಚೀಟಿಗಳೇ ಇರಲಿಲ್ಲ. ಇನ್ನು ಕೆಲವು ದೇಶಗಳವರು ತಲಾ ನೂರಕ್ಕೂ ಮೀರಿ ಸಂಗ್ರಹಿಸಿದ್ದರು. ಶಿಕ್ಷೆಯ ಭಯವಿಲ್ಲದ ಸ್ಥಿತಿ ಎಲ್ಲರನ್ನೂ ಸಮನಾಗಿ ಕೆಡಿಸುವುದಾಗಿದ್ದರೆ ಈ ವ್ಯತ್ಯಾಸ ಬರುತ್ತಿರಲಿಲ್ಲ. ಅವರು ತಮ್ಮೊಡನೆ ಏನನ್ನು ಹೊತ್ತುಕೊಂಡು ಬಂದಿದ್ದರೋ ಅದೇ ಹೊರಬಿತ್ತು.

ಆದ್ದರಿಂದ ಪರಿಹಾರವನ್ನು ಬಾಗಿಲಲ್ಲೇ ಹುಡುಕಬೇಕು. ಪ್ರಾಚೀನ ಅಥೆನ್ಸಿನವರು ಬಹುಪಾಲು ಅಧಿಕಾರಿಗಳನ್ನು ಚೀಟಿ ಎತ್ತಿ ಆರಿಸುತ್ತಿದ್ದುದು ಹುಡುಗಾಟಕ್ಕಲ್ಲ. ಅಧಿಕಾರದ ಹಪಾಹಪಿ ಇರುವವನಿಗೆ ಆ ಹಪಾಹಪಿಯಿಂದ ಯಾವ ಲಾಭವೂ ಆಗದಂತೆ ನೋಡಿಕೊಳ್ಳುವ ಉಪಾಯ ಅದು.

ಕಡತವಾಸಿ

ಬಹುಕಾಲ ಸರ್ಕಾರಿ ಕಚೇರಿಯಲ್ಲಿ ಕಡತಗಳ ನಡುವೆ ಬದುಕಿ ನಿವೃತ್ತನಾದವನು ನಾನು. ಯಾವ ಇಲಾಖೆ ಎಂಬುದು ಇಲ್ಲಿ ಮುಖ್ಯವಲ್ಲ. ಅಂಚಿನಟಿಪ್ಪಣಿಯವರು ಚೀನಾದವರೆಗೆ ಹೋಗಿ ತೋರಿಸಿದ್ದನ್ನು ಒಂದೇ ಕಡತದ ನಾಲ್ಕು ಹಾಳೆಗಳಲ್ಲಿ ತೋರಿಸಬಹುದು. ಅದು ಎಷ್ಟು ಸಾಧುವಾಗಿ ನಡೆಯುತ್ತದೆಯೆಂದರೆ, ಮಾಡುವವರಿಗೂ ತಾವು ಸುಳ್ಳು ಹೇಳುತ್ತಿದ್ದೇವೆ ಎನಿಸುವುದಿಲ್ಲ.

ಸ್ಥಳಕ್ಕೆ ಹೋಗಿ ಬಂದ ಕಿರಿಯ ಎಂಜಿನಿಯರ್ ಟಿಪ್ಪಣಿ ಬರೆಯುತ್ತಾನೆ: “ಈ ಅವಧಿಯಲ್ಲಿ ಕಾಮಗಾರಿ ಮುಗಿಯುವುದು ಸಾಧ್ಯವಿಲ್ಲ.” ಅವನ ಮೇಲಿನವರಿಗೆ ಈ ಒರಟುತನ ಸರಿಕಾಣುವುದಿಲ್ಲ, ಸಾಧ್ಯವಿಲ್ಲ ಎಂದರೆ ಏಕೆ ಸಾಧ್ಯವಿಲ್ಲ ಎಂದು ತಮ್ಮನ್ನೇ ಕೇಳುತ್ತಾರಲ್ಲವೇ? ಅವರು ಅದನ್ನು “ಈ ಅವಧಿಯಲ್ಲಿ ಮುಗಿಸಲು ಹಲವು ಅಡಚಣೆಗಳಿರುತ್ತವೆ” ಎಂದು ತಿದ್ದುತ್ತಾರೆ. ಮುಂದಿನ ಮೇಜಿನಲ್ಲಿ ಅದು “ಅಡಚಣೆಗಳನ್ನು ನಿವಾರಿಸಿದಲ್ಲಿ ನಿಗದಿತ ಅವಧಿಯಲ್ಲಿ ಮುಗಿಸಬಹುದಾಗಿದೆ” ಎಂದಾಗುತ್ತದೆ. ಸಚಿವರ ಮುಂದೆ ಇಡುವ ಒಂದು ಪುಟದ ಸಾರಾಂಶದಲ್ಲಿ ಅಷ್ಟು ಜಾಗವಿರುವುದಿಲ್ಲ. ಅಲ್ಲಿ “ಕಾಮಗಾರಿ ಪ್ರಗತಿಯಲ್ಲಿದ್ದು, ನಿಗದಿತ ಅವಧಿಯಲ್ಲಿ ಪೂರ್ಣಗೊಳಿಸಲು ಕ್ರಮ ವಹಿಸಲಾಗಿದೆ” ಎಂದಿರುತ್ತದೆ. ಸಚಿವರು ಅದನ್ನೇ ಸದನದಲ್ಲಿ ಓದುತ್ತಾರೆ. ಈ ನಾಲ್ಕು ಜನರಲ್ಲಿ ಯಾರೂ ಲಂಚ ಮುಟ್ಟಿಲ್ಲ, ಯಾರೂ ಅಂಕಿ ತಿದ್ದಿಲ್ಲ. ಪ್ರತಿಯೊಬ್ಬರೂ ತಮ್ಮ ಮೇಲಿನವರ ಮುಖ ಗಂಟಿಕ್ಕದಂತೆ ಒಂದೊಂದು ಪದವನ್ನು ಮೆತ್ತಗೆ ಮಾಡಿದ್ದಾರೆ, ಅಷ್ಟೇ.

ಸಂದೇಹಿಯವರಿಗೆ ನನ್ನ ಉತ್ತರವೂ ಇದರಲ್ಲೇ ಇದೆ. ನಾನು ಕಂಡ ಮೇಲಧಿಕಾರಿಗಳಲ್ಲಿ ದುಷ್ಟರು ಕಡಿಮೆ. ಹೊಸದಾಗಿ ಬಂದವರು, “ನನಗೆ ನಿಜ ಹೇಳಿ, ಮುಲಾಜು ಬೇಡ” ಎಂದು ಮೊದಲ ಸಭೆಯಲ್ಲಿಯೇ ಹೇಳುತ್ತಾರೆ, ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಮೊದಲ ಸಲ ಯಾರೋ ನಿಜ ಹೇಳಿದಾಗ ಅವರ ಮುಖ ಹೇಗಾಯಿತು ಎಂಬುದನ್ನು ಇಡೀ ಕಚೇರಿ ನೋಡಿಕೊಂಡಿರುತ್ತದೆ. ಬೈಯಬೇಕಾಗಿಲ್ಲ, ಹೇಳಿದವನನ್ನು ಮುಂದಿನ ಸಭೆಗೆ ಕರೆಯದಿದ್ದರೆ ಸಾಕು. ಅಲ್ಲಿಂದ ಮುಂದೆ ಹೌದಪ್ಪಗಳನ್ನು ಯಾರೂ ನೇಮಿಸಬೇಕಾಗಿಲ್ಲ, ಇದ್ದವರೇ ಹೌದಪ್ಪಗಳಾಗುತ್ತಾರೆ.

ಮತಪೆಟ್ಟಿಗೆ

ಇಷ್ಟೂ ಹೊತ್ತು ಮೇಲೆ ಕೂತವರ ಬಗ್ಗೆಯೇ ಮಾತಾಯಿತು. ಅವರನ್ನು ಅಲ್ಲಿ ಕೂರಿಸುವ ನಮ್ಮ ಪಾತ್ರವನ್ನು ಯಾರೂ ಎತ್ತಲಿಲ್ಲ. ಸರ್ಕಾರ ಕೆಟ್ಟ ತೀರ್ಮಾನ ಮಾಡುವುದು ಸುದ್ದಿ ಸಿಗದೆ ಎಂಬುದು ಸದಾ ನಿಜವಲ್ಲ. ಎಷ್ಟೋ ಸಲ ಅದಕ್ಕೆ ಸುದ್ದಿ ಚೆನ್ನಾಗಿಯೇ ತಿಳಿದಿರುತ್ತದೆ, ಮತದಾರರಿಗೆ ಯಾವುದು ಹಿಡಿಸುತ್ತದೆ ಎಂಬುದೂ ಅಷ್ಟೇ ಚೆನ್ನಾಗಿ ತಿಳಿದಿರುತ್ತದೆ.

ಆಂಡ್ರ್ಯೂ ಹೀಲಿ ಮತ್ತು ನೀಲ್ ಮಲ್ಹೋತ್ರಾ ಅವರು 2009ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ಅಮೆರಿಕದಲ್ಲಿ ನೆರೆ, ಚಂಡಮಾರುತಗಳಾದ ಮೇಲೆ ಸರ್ಕಾರ ಪರಿಹಾರಕ್ಕೆ ಹಣ ಸುರಿದರೆ ಆಳುವ ಪಕ್ಷಕ್ಕೆ ಮತ ಹೆಚ್ಚುತ್ತದೆ. ವಿಪತ್ತು ಬರುವ ಮೊದಲೇ ಮುನ್ನೆಚ್ಚರಿಕೆಗೆ ಖರ್ಚು ಮಾಡಿದರೆ ಮತದಲ್ಲಿ ಏನೂ ಗಿಟ್ಟುವುದಿಲ್ಲ. ಅವರ ಲೆಕ್ಕದ ಪ್ರಕಾರ ಮುನ್ನೆಚ್ಚರಿಕೆಗೆ ಹಾಕಿದ ಒಂದು ಡಾಲರ್ ಮುಂದಿನ ಸುಮಾರು 15 ಡಾಲರ್ ನಷ್ಟವನ್ನು ತಪ್ಪಿಸುತ್ತದೆ. ಆಗದೇ ಹೋದ ಅನಾಹುತಕ್ಕೆ ಯಾರೂ ಹಾರ ಹಾಕುವುದಿಲ್ಲ. ಹೀಗಿರುವಾಗ ಚರಂಡಿ ಹೂಳೆತ್ತಿಸುವ ಬದಲು ದೋಣಿಯಲ್ಲಿ ನಿಂತು ಆಹಾರದ ಪೊಟ್ಟಣ ಹಂಚುವ ನಾಯಕನನ್ನು ನಾವು ಮೂರ್ಖನೆನ್ನಬೇಕೋ, ನಮ್ಮನ್ನು ಚೆನ್ನಾಗಿ ಓದಿಕೊಂಡವನೆನ್ನಬೇಕೋ?

ಇದಕ್ಕೆ ಅವಧಿಯ ಸಮಸ್ಯೆಯೂ ಸೇರುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಚುನಾವಣೆ ಎದುರಿಸುವವನಿಗೆ ಇಪ್ಪತ್ತು ವರ್ಷಕ್ಕೆ ಫಲ ಕೊಡುವ ಯೋಜನೆ ಎಂದರೆ ಬೇರೆಯವನ ಹೆಸರಿಗೆ ಬೀಳುವ ಪುಣ್ಯ. ಸಾಲದ ಲೆಕ್ಕಾಚಾರ ಇದಕ್ಕೆ ತಿರುಗುಮುರುಗು: ಖರ್ಚಿನ ಕೀರ್ತಿ ಈಗ ತನಗೆ, ತೀರಿಸುವ ಕಷ್ಟ ಮುಂದೆ ಬರುವವನಿಗೆ. ಇಲ್ಲಿ ಯಾರ ಕಿವಿಯೂ ಕೆಟ್ಟಿಲ್ಲ, ಅಂಚಿನಟಿಪ್ಪಣಿಯವರೇ. ಕಿವಿ ಚುರುಕಾಗಿರುವುದರಿಂದಲೇ ಹೀಗಾಗುತ್ತಿದೆ.

ಅಂಚಿನಟಿಪ್ಪಣಿ

ಮತಪೆಟ್ಟಿಗೆಯವರ ಆಕ್ಷೇಪಣೆ ಗಟ್ಟಿಯಾದದ್ದು. ಮತದಾರರ ಬೇಡಿಕೆಯೇ ತಪ್ಪಾಗಿರುವ ಕಡೆ ನನ್ನ ವಾದ ಅಷ್ಟಾಗಿ ಅನ್ವಯಿಸುವುದಿಲ್ಲ. ಆದರೆ ಮತದಾರರೂ ಬೇಡವೆಂದು ಕೂಗುತ್ತಿರುವಾಗ, ಸ್ವಂತ ಸಂಪುಟದವರೇ ಎಚ್ಚರಿಸುತ್ತಿರುವಾಗ ಮಾಡಿದ ತಪ್ಪುಗಳಿಗೆ ಏನೆನ್ನುತ್ತೀರಿ?

ಬ್ರಿಟನ್ನಿನ ತಲೆಗಂದಾಯವನ್ನು ನೆನಪಿಸಿಕೊಳ್ಳಿ. ಮನೆಯ ಬೆಲೆಯ ಮೇಲಿದ್ದ ಸ್ಥಳೀಯ ತೆರಿಗೆಯನ್ನು ತೆಗೆದುಹಾಕಿ, ಪ್ರತಿ ವಯಸ್ಕನ ಮೇಲೂ ಸರಿಸುಮಾರು ಒಂದೇ ಮೊತ್ತವನ್ನು ಹೇರುವ ಯೋಜನೆ ಅದು. ಬಂಗಲೆಯ ಯಜಮಾನನಿಗೂ ಅದೇ, ಬಾಡಿಗೆ ಕೋಣೆಯ ಕೂಲಿಯವನಿಗೂ ಹೆಚ್ಚುಕಡಿಮೆ ಅದೇ. ಹಣಕಾಸು ಸಚಿವ ನೈಜೆಲ್ ಲಾಸನ್ ಅವರು 1985ರಲ್ಲಿಯೇ ಇದು ಜಾರಿಗೆ ಬಾರದ, ರಾಜಕೀಯವಾಗಿ ವಿನಾಶಕಾರಿಯಾದ ಯೋಜನೆಯೆಂದು ಬರೆದು ಕೊಟ್ಟಿದ್ದರು. 1987ರಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಸತತ ಮೂರನೆಯ ಚುನಾವಣೆ ಗೆದ್ದರು. 1989ರಲ್ಲಿ ಮೊದಲು ಸ್ಕಾಟ್ಲೆಂಡಿನಲ್ಲಿ ತೆರಿಗೆ ಜಾರಿಯಾಯಿತು. ಅಲ್ಲಿನ ಪ್ರತಿಭಟನೆಯನ್ನು ಇಡೀ ವರ್ಷ ಕಣ್ಣಾರೆ ಕಂಡ ಮೇಲೂ 1990ರ ಏಪ್ರಿಲಿನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ವಿಸ್ತರಿಸಲಾಯಿತು. ಅದರ ಹಿಂದಿನ ದಿನ, ಮಾರ್ಚ್ 31ರಂದು, ಲಂಡನ್ನಿನ ಬೀದಿಗಳಲ್ಲಿ ದೊಡ್ಡ ಗಲಭೆಯೇ ನಡೆದಿತ್ತು. ನವೆಂಬರಿನಲ್ಲಿ ಪ್ರಧಾನಿ ರಾಜೀನಾಮೆ ಕೊಟ್ಟರು, 1993ರಲ್ಲಿ ಆ ತೆರಿಗೆಯೂ ಹೋಯಿತು. ಮುಕ್ತ ಪತ್ರಿಕೆ, ಪ್ರಬಲ ಸಂಸತ್ತು, ಹಳೆಯ ಪ್ರಜಾಪ್ರಭುತ್ವ, ಎಲ್ಲವೂ ಇದ್ದ ದೇಶದಲ್ಲಿ ಇದು ನಡೆಯಿತು. ಸುದ್ದಿ ಬಾಗಿಲಿಗೆ ಬಂದಿತ್ತು. ಆದರೆ ಹಿಂದಿನ ಹಲವು ಸಲ ಎಲ್ಲರೂ ಬೇಡವೆಂದಾಗಲೂ ಮುನ್ನುಗ್ಗಿ ಗೆದ್ದವರಿಗೆ, ಈ ಸಲದ ಬೇಡವೆಂಬ ಕೂಗು ಕೂಡ ತಮ್ಮ ದೃಢತೆಯ ಪ್ರಶಂಸೆಯಂತೆಯೇ ಕೇಳಿಸಿರಬೇಕು. ಅಧಿಕಾರದಲ್ಲಿ ದೀರ್ಘಕಾಲ ಗೆಲ್ಲುತ್ತಾ ಹೋಗುವುದರ ಅಪಾಯ ಇಂಥದು.

ಸಂದೇಹಿಯವರಿಗೆ ಒಂದು ಮಾತು. ಎಲ್ಲವೂ ವ್ಯಕ್ತಿಯ ಸ್ವಭಾವವೇ ಆಗಿದ್ದರೆ ಒಬ್ಬನೇ ವ್ಯಕ್ತಿ ಹದಿನೆಂಟು ತಿಂಗಳ ಅಂತರದಲ್ಲಿ ಎರಡು ಬಗೆಯಾಗಿ ನಡೆದುಕೊಳ್ಳಬಾರದಿತ್ತು. 1961ರ ಏಪ್ರಿಲಿನಲ್ಲಿ ಜಾನ್ ಕೆನಡಿಯವರ ಸರ್ಕಾರ ಕ್ಯಾಸ್ಟ್ರೋ ಸರ್ಕಾರವನ್ನು ಉರುಳಿಸಲೆಂದು ಸುಮಾರು 1,400 ಕ್ಯೂಬನ್ ದೇಶಭ್ರಷ್ಟರನ್ನು ಕ್ಯೂಬಾದ ಪಿಗ್ಸ್ ಕೊಲ್ಲಿಯಲ್ಲಿ ಇಳಿಸಿತು. ಮೂರೇ ದಿನಗಳಲ್ಲಿ ದಾಳಿ ಮುರಿದುಬಿತ್ತು, ಇಳಿದವರಲ್ಲಿ ಬಹುಪಾಲು ಜನ ಸೆರೆಯಾದರು. ಆರ್ಥರ್ ಶ್ಲೆಸಿಂಗರ್ ಎಂಬ ಸಲಹೆಗಾರರಿಗೆ ಯೋಜನೆಯಲ್ಲಿ ನಂಬಿಕೆಯಿರಲಿಲ್ಲ; ತಮ್ಮ ವಿರೋಧವನ್ನು ಬರವಣಿಗೆಯಲ್ಲಿ ಕೊಟ್ಟವರು ಸಭೆಯ ಕೋಣೆಯೊಳಗೆ ಮಾತ್ರ ಹೆಚ್ಚುಕಡಿಮೆ ಸುಮ್ಮನಿದ್ದರು, ಅದಕ್ಕಾಗಿ ಮುಂದೆ ಪಶ್ಚಾತ್ತಾಪಪಟ್ಟರು. 1962ರ ಅಕ್ಟೋಬರಿನಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಪತ್ತೆಯಾದಾಗ ಅಧ್ಯಕ್ಷರು ಅವರೇ, ಪ್ರಮುಖ ಸಲಹೆಗಾರರಲ್ಲಿ ಹಲವರು ಅವರೇ. ಬದಲಾದದ್ದು ಕೂತು ಮಾತಾಡುವ ಕ್ರಮ. ತಾನಿದ್ದರೆ ಉಳಿದವರು ತನ್ನ ಮುಖ ನೋಡಿ ಮಾತಾಡುತ್ತಾರೆಂದು ಕೆನಡಿ ಕೆಲವು ಸಭೆಗಳಿಂದ ಬೇಕೆಂದೇ ದೂರವಿದ್ದರು. ಸಲಹೆಗಾರರು ಗುಂಪುಗಳಾಗಿ ಬೇರೆ ಬೇರೆ ಯೋಜನೆ ಬರೆದು, ಒಬ್ಬರದನ್ನೊಬ್ಬರು ಹರಿದುಹಾಕಿದರು. ಆರಂಭದಲ್ಲಿ ಬಹುತೇಕರ ಒಲವು ವಿಮಾನದಾಳಿಯ ಕಡೆಗಿತ್ತು. ಕೊನೆಗೆ ಆಯ್ದುಕೊಂಡದ್ದು ನೌಕಾ ದಿಗ್ಬಂಧನವನ್ನು. ಎಲ್ಲ ಶ್ರೇಯಸ್ಸನ್ನೂ ಸಭೆಯ ಕ್ರಮಕ್ಕೇ ಕೊಡಲಾಗದು, ಅದೃಷ್ಟವೂ ಎದುರಾಳಿಯ ವಿವೇಕವೂ ಅಲ್ಲಿ ಕೆಲಸ ಮಾಡಿದವು. ಹಾಗಿದ್ದರೂ ಮುಚ್ಚಿಕೊಂಡ ಕಿವಿಯನ್ನು ಪ್ರಯತ್ನಪಟ್ಟು ತೆರೆಯಬಹುದು ಎಂಬಷ್ಟಕ್ಕೆ ಈ ನಿದರ್ಶನ ಸಾಲುತ್ತದೆ.

ಚೌಕಾಸಿ

ಇಷ್ಟೆಲ್ಲ ಉದಾತ್ತ ಚರ್ಚೆಯ ನಡುವೆ ಒಂದು ಸಣ್ಣ ಪ್ರಶ್ನೆ. ಕಿವಿ ತೆರೆದಿದ್ದೂ ಕೈ ಚಾಚುವವರ ಕಥೆ ಏನು? ತಿನ್ನುವವನು ಎಲ್ಲ ಸುದ್ದಿಯನ್ನೂ ಕೇಳಿಸಿಕೊಂಡೇ ತಿನ್ನುತ್ತಾನೆ.

ಖರ್ಚುವೆಚ್ಚ

ಚೌಕಾಸಿಯವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಲೆಕ್ಕಪರಿಶೋಧನೆ ನನ್ನ ವೃತ್ತಿ. ಕೌಟಿಲ್ಯನು ಸರ್ಕಾರಿ ಹಣ ಕಬಳಿಸುವ ನಲವತ್ತು ಬಗೆಗಳನ್ನು ಪಟ್ಟಿ ಮಾಡಿದ್ದಾನೆ. ಬಂದದ್ದನ್ನು ತಡವಾಗಿ ಬರೆದುಕೊಳ್ಳುವುದು, ಕೊಡದೇ ಕೊಟ್ಟೆವೆಂದು ತೋರಿಸುವುದು, ಅಳತೆ ತೂಕಗಳಲ್ಲಿ ಮೋಸ ಮಾಡುವುದು ಮುಂತಾದವು ಅದರಲ್ಲಿವೆ. ಓದಿದರೆ ಇಂದಿನ ಆಕ್ಷೇಪಣಾ ವರದಿಯನ್ನೇ ಓದಿದಂತಾಗುತ್ತದೆ. ಬೇಲಿಯೇ ಎದ್ದು ಹೊಲ ಮೇಯುವ ಸಂಗತಿ ಅಷ್ಟು ಹಳೆಯದು.

ಸಂದೇಹಿಯವರು ಹೇಳಿದ ದಂಡದ ಚೀಟಿಗಳ ಕಥೆಗೆ ಉತ್ತರಾರ್ಧವೊಂದಿದೆ. 2002ರ ಕೊನೆಯ ಹೊತ್ತಿಗೆ ದಂಡ ಕಟ್ಟದವರ ರಾಜತಾಂತ್ರಿಕ ನಂಬರ್ ಪ್ಲೇಟ್ ಕಿತ್ತುಕೊಳ್ಳುವ ಅಧಿಕಾರ ನಗರಕ್ಕೆ ದೊರಕಿತು. ಆಮೇಲೆ ಉಲ್ಲಂಘನೆಗಳು ಸುಮಾರು ಶೇ 98ರಷ್ಟು ಇಳಿದುಹೋದವು. ಸ್ವಭಾವದ ವ್ಯತ್ಯಾಸ ನಿಜವೇ ಇರಬಹುದು. ಕೇಳುವವರು ಬಂದೊಡನೆ ಅದು ಬಹುಮಟ್ಟಿಗೆ ಅಡಗಿಹೋಯಿತು ಎಂಬುದೂ ಅಷ್ಟೇ ನಿಜ. ಜನರ ಸ್ವಭಾವ ತಿದ್ದಲು ತಲೆಮಾರುಗಳು ಬೇಕು. ನಂಬರ್ ಪ್ಲೇಟ್ ಕೀಳಲು ಒಂದು ಸ್ಕ್ರೂಡ್ರೈವರ್ ಸಾಕು.

ಇನ್ನೂ ಹತ್ತಿರದಿಂದ ನೋಡಬೇಕೆಂದರೆ ಇಂಡೋನೇಷ್ಯಾದಲ್ಲಿ ಬೆಂಜಮಿನ್ ಓಲ್ಕೆನ್ ನಡೆಸಿದ ಪ್ರಯೋಗವಿದೆ. 600ಕ್ಕೂ ಹೆಚ್ಚು ಹಳ್ಳಿಗಳಲ್ಲಿ ರಸ್ತೆ ನಿರ್ಮಾಣವಾಗುತ್ತಿತ್ತು. ರಸ್ತೆ ಮುಗಿದ ಮೇಲೆ ಎಂಜಿನಿಯರುಗಳು ಅದನ್ನು ಅಲ್ಲಲ್ಲಿ ಅಗೆದು, ಒಳಗೆ ಎಷ್ಟು ಜಲ್ಲಿ ಎಷ್ಟು ಮರಳು ಇದೆಯೆಂದು ಅಳೆದರು. ಸುತ್ತಲಿನ ಮಾರಾಟಗಾರರಲ್ಲಿ ಬೆಲೆ ವಿಚಾರಿಸಿ, ಹಳ್ಳಿಯವರು ಬರೆದ ಖರ್ಚಿನೊಡನೆ ತಾಳೆ ನೋಡಿದರು. ಸಾಮಾನ್ಯವಾಗಿ ಇಂಥ ಕಾಮಗಾರಿಗಳಲ್ಲಿ ಶೇ 4ರಷ್ಟಕ್ಕೆ ಮಾತ್ರ ಸರ್ಕಾರಿ ಪರಿಶೋಧನೆ ಆಗುತ್ತಿತ್ತು. ಕೆಲವು ಹಳ್ಳಿಗಳಿಗೆ, ನಿಮ್ಮದು ಖಂಡಿತವಾಗಿ ಪರಿಶೋಧನೆಗೆ ಬರುತ್ತದೆ ಎಂದು ಮುಂಚಿತವಾಗಿಯೇ ತಿಳಿಸಲಾಯಿತು. ಅಲ್ಲಿ ಕಾಣೆಯಾದ ಹಣದ ಪಾಲು ಉಳಿದ ಕಡೆಗಿಂತ ಎಂಟು ಶೇಕಡಾ ಅಂಶಗಳಷ್ಟು ಕಡಿಮೆಯಾಯಿತು. ಇದರ ಜೊತೆಯಲ್ಲೇ ಇನ್ನೊಂದೂ ನಡೆಯಿತು: ಅದೇ ಹಳ್ಳಿಗಳಲ್ಲಿ ಕಾಮಗಾರಿ ನಡೆಸುವವರ ನೆಂಟರಿಷ್ಟರಿಗೆ ಕೂಲಿ ಕೆಲಸ ಸಿಗುವುದು ಹೆಚ್ಚಿತು. ಹಣ ಕದಿಯುವುದು ಕಷ್ಟವಾದಾಗ, ಪರಿಶೋಧಕರ ಲೆಕ್ಕಕ್ಕೆ ಸಿಗದ ಕೃಪೆಯ ದಾರಿ ಹಿಡಿದರು.

ಉಗಾಂಡಾದ ನಿದರ್ಶನದಲ್ಲಿ ನಮ್ಮ ಕಸುಬಿನವರ ಪಾತ್ರವೇ ಇಲ್ಲ. 1991ರಿಂದ 1995ರವರೆಗೆ ಕೇಂದ್ರ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ಕೊಟ್ಟ ತಲಾ ಅನುದಾನದಲ್ಲಿ ಶಾಲೆಗಳಿಗೆ ತಲುಪಿದ್ದು ಸರಾಸರಿ ಶೇ 13 ಮಾತ್ರವೆಂದು ಸಮೀಕ್ಷೆಯೊಂದು ತೋರಿಸಿತು. ಆಮೇಲೆ ಯಾವ ಜಿಲ್ಲೆಗೆ ಯಾವ ತಿಂಗಳು ಎಷ್ಟು ಬಿಡುಗಡೆಯಾಯಿತು ಎಂಬುದನ್ನು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿದರು, ಶಾಲೆಯ ಗೋಡೆಯ ಮೇಲೂ ಅಂಟಿಸಬೇಕೆಂದು ವಿಧಿಸಿದರು. 2001ರ ಹೊತ್ತಿಗೆ ತಲುಪುವ ಪಾಲು ಶೇ 80 ದಾಟಿತು. ಪತ್ರಿಕೆಯ ಪಾಲು ಇದರಲ್ಲಿ ಎಷ್ಟು, ಆಗ ನಡೆದ ಇತರ ಸುಧಾರಣೆಗಳ ಪಾಲು ಎಷ್ಟು ಎಂಬ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. ಆದರೂ ಅಂಚಿನಟಿಪ್ಪಣಿಯವರ ವಾದಕ್ಕೆ ನಾನೊಂದು ತಿದ್ದುಪಡಿ ಸೂಚಿಸಬಯಸುತ್ತೇನೆ. ಮೇಲಿನವನ ಕಿವಿಯನ್ನು ನೇರ್ಪುಗೊಳಿಸಲು ಹೆಣಗುವುದಕ್ಕಿಂತ, ಅದೇ ಸುದ್ದಿಯನ್ನು ಶಾಲೆಯ ಮುಖ್ಯೋಪಾಧ್ಯಾಯರ ಕಿವಿಗೆ ಹಾಕುವುದು ಸುಲಭ, ಅಗ್ಗ, ಮತ್ತು ಬಹುಶಃ ಹೆಚ್ಚು ಪರಿಣಾಮಕಾರಿ.

ಸಂದೇಹಿ

ಸ್ಕ್ರೂಡ್ರೈವರಿನ ಮಾತು ನನಗೆ ಇಷ್ಟವಾಯಿತು, ಆದರೆ ಅದರ ಮಿತಿಯನ್ನು ಹೇಳಲೇಬೇಕು. ಜಲ್ಲಿಯನ್ನು ಅಗೆದು ಅಳೆಯಬಹುದು. ಆ ರಸ್ತೆ ಅಲ್ಲಿ ಬೇಕಿತ್ತೇ ಎಂಬುದನ್ನು ಯಾವ ಸಲಾಕೆಯಿಂದ ಅಗೆದು ನೋಡುತ್ತೀರಿ? ಬ್ರಿಟನ್ ಮತ್ತು ಫ್ರಾನ್ಸ್ 1962ರಲ್ಲಿ ಒಪ್ಪಂದ ಮಾಡಿಕೊಂಡು ಶಬ್ದಕ್ಕಿಂತ ವೇಗವಾಗಿ ಹಾರುವ ಕಾಂಕಾರ್ಡ್ ವಿಮಾನ ನಿರ್ಮಿಸಿದಾಗ ಲೆಕ್ಕಪತ್ರಗಳಲ್ಲಿ ದೊಡ್ಡ ಕಳ್ಳತನವೇನೂ ನಡೆಯಲಿಲ್ಲ. ವೆಚ್ಚ ಅಂದಾಜಿನ ಹಲವು ಪಟ್ಟಾಯಿತು. ಹಾಕಿದ ಹಣ ವ್ಯರ್ಥವಾಗಬಾರದೆಂದು ಮತ್ತೆ ಹಾಕುತ್ತಾ ಹೋದರು. ಕೊನೆಗೆ ಪ್ರಯಾಣಿಕರ ಸೇವೆಗೆ ಹಾರಿದ್ದು ಕೇವಲ 14 ವಿಮಾನಗಳು. ಖಾಸಗಿ ಸಂಸ್ಥೆಯೂ ಇಂಥ ತಪ್ಪು ಮಾಡುತ್ತದೆ, ಆದರೆ ಅದರ ಹಣ ಮುಗಿಯುತ್ತದೆ. ಸರ್ಕಾರದ ಹಣ ಮುಗಿಯುವುದು ಬಹಳ ನಿಧಾನವಾದ್ದರಿಂದ, ತಪ್ಪಿಗೂ ಅಷ್ಟೇ ದೀರ್ಘಾಯುಷ್ಯ.

ಪರಿಶೋಧನೆಯ ಭಯ ಇನ್ನೊಂದು ರೋಗವನ್ನು ತರುತ್ತದೆ ಎಂಬುದನ್ನು ಕಡತವಾಸಿಯವರು ಒಪ್ಪುತ್ತಾರೆಂದು ಭಾವಿಸುತ್ತೇನೆ. ಸಹಿ ಹಾಕಿದವನನ್ನು ಮಾತ್ರ ಪ್ರಶ್ನಿಸುವ ವ್ಯವಸ್ಥೆಯಲ್ಲಿ ಸಹಿ ಹಾಕದಿರುವುದೇ ಜಾಣತನ.

ಕಡತವಾಸಿ

ಒಪ್ಪುತ್ತೇನೆ. “ಚರ್ಚಿಸಿ” ಎಂಬ ಒಂದೇ ಪದದ ಷರಾ ಬರೆದು ಕಡತವನ್ನು ಕೆಳಗೆ ಕಳಿಸುವ ಕಲೆಯಲ್ಲಿ ಪಾರಂಗತರಾದವರನ್ನು ಬೇಕಾದಷ್ಟು ಕಂಡಿದ್ದೇನೆ. ಆ ಕಡತ ಮತ್ತೆ ಮೇಲೆ ಬರುವ ಹೊತ್ತಿಗೆ ಅವರಿಗೆ ವರ್ಗವಾಗಿರುತ್ತದೆ. ತೀರ್ಮಾನ ಮಾಡದಿರುವುದರಿಂದ ಆದ ನಷ್ಟ ಯಾವ ವರದಿಯ ಯಾವ ಕಂಡಿಕೆಯಲ್ಲೂ ಬರುವುದಿಲ್ಲ.

ಆದರೆ ನನ್ನ ಅನುಭವಕ್ಕೆ ಹತ್ತಿರವಾದ ಪರಿಹಾರವೆಂದರೆ ಭಿನ್ನಾಭಿಪ್ರಾಯದ ಟಿಪ್ಪಣಿಗೆ ಕಡತದಲ್ಲಿ ಅಳಿಸಲಾಗದ ಜಾಗ ಕೊಡುವುದು. ಮೇಲಿನವರು ಅದನ್ನು ಒಪ್ಪಬೇಕಾಗಿಲ್ಲ, ಆದರೆ ತಿದ್ದುವಂತಿಲ್ಲ, ಕಾರಣ ಬರೆಯದೆ ತಳ್ಳಿಹಾಕುವಂತಿಲ್ಲ. ನಾನು ಹೇಳಿದ ಆ ಕಿರಿಯ ಎಂಜಿನಿಯರನ ಮೂಲ ವಾಕ್ಯ ಸಾರಾಂಶದ ಜೊತೆ ಹಾಗೆಯೇ ಹೋಗಿದ್ದರೆ, ಸಚಿವರು ಸದನದಲ್ಲಿ ಓದುವ ಮೊದಲು ಒಮ್ಮೆಯಾದರೂ ತಡವರಿಸುತ್ತಿದ್ದರು.

ಮತಪೆಟ್ಟಿಗೆ

ಇಂಥ ಏರ್ಪಾಟು ಅಮೆರಿಕದ ವಿದೇಶಾಂಗ ಇಲಾಖೆಯಲ್ಲಿ 1971ರಿಂದ ಇದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಆರಂಭವಾದ ಆ ‘ಭಿನ್ನಮತದ ಮಾರ್ಗ’ದಲ್ಲಿ ಯಾವ ಅಧಿಕಾರಿಯಾದರೂ ನೀತಿಯನ್ನು ವಿರೋಧಿಸಿ ನೇರವಾಗಿ ಮೇಲಕ್ಕೆ ಬರೆಯಬಹುದು, ಅದಕ್ಕೆ ಉತ್ತರ ಕೊಡಬೇಕೆಂಬ ನಿಯಮವೂ ಇದೆ. 2016ರಲ್ಲಿ ಸಿರಿಯಾ ನೀತಿಯನ್ನು ವಿರೋಧಿಸಿ 51 ಮಂದಿ ಸಹಿ ಹಾಕಿ ಬರೆದರು. ನೀತಿ ಬದಲಾಗಲಿಲ್ಲ. ಹಾಗಾದರೆ ಇದು ಬರಿಯ ಉಗಿ ಹೊರಬಿಡುವ ಕೊಳವೆಯೇ?

ಅಂಚಿನಟಿಪ್ಪಣಿ

ಆ 51 ಮಂದಿಯ ಸಲಹೆ ಸರಿಯಾಗಿತ್ತೇ ಎಂಬುದು ಬೇರೆ ಚರ್ಚೆ. ವಿರೋಧಿಸಿದವರ ಮಾತೇ ನಡೆಯಬೇಕೆಂದು ನಾನು ಹೇಳುತ್ತಿಲ್ಲ. ಎಲ್ಲರ ಮಾತನ್ನೂ ಕೇಳಿ, ಸೋಲುವ ವಾದವನ್ನೂ ಓದಿ, ಆಮೇಲೆ ತನ್ನ ಹೊಣೆಯಲ್ಲಿ ತಪ್ಪು ತೀರ್ಮಾನ ಮಾಡಿದ ಸರ್ಕಾರವನ್ನು ನಾನು ಸಹಿಸಬಲ್ಲೆ. ಪೆಂಗ್ ಅವರ ಪತ್ರಕ್ಕೂ ಈ ಪತ್ರಕ್ಕೂ ಇರುವ ಅಂತರ ಫಲಿತಾಂಶದಲ್ಲಿಲ್ಲ, ಎರಡೂ ಕಡೆ ನೀತಿ ಬದಲಾಗಲಿಲ್ಲ. ಬರೆದ ಮರುದಿನ ಬರೆದವರು ಎಲ್ಲಿದ್ದರು ಎಂಬುದರಲ್ಲಿದೆ. ಮುಂದಿನ ಸಲ ಬೇಡದ ಸುದ್ದಿ ತರುವವನು ಲೆಕ್ಕ ಹಾಕುವುದು ಅದನ್ನೇ.

ಖರ್ಚುವೆಚ್ಚ ಅವರ ತಿದ್ದುಪಡಿಗೆ ಒಂದು ಸೇರಿಕೆ ಮಾತ್ರ. ಅಥೆನ್ಸಿನವರ ಚೀಟಿ ಎತ್ತುವ ಪದ್ಧತಿಯನ್ನು ಸಂದೇಹಿಯವರು ನೆನಪಿಸಿದರು. ಅಷ್ಟೇ ಮುಖ್ಯವಾದ ಇನ್ನೊಂದು ಪದ್ಧತಿ ಅವರಲ್ಲಿತ್ತು. ಅಧಿಕಾರದ ಅವಧಿ ಮುಗಿದೊಡನೆ ಪ್ರತಿಯೊಬ್ಬ ಅಧಿಕಾರಿಯೂ ಲೆಕ್ಕ ಒಪ್ಪಿಸಬೇಕಿತ್ತು, ಯಾವ ನಾಗರಿಕನಾದರೂ ಎದ್ದು ಅವನ ಮೇಲೆ ದೂರು ಹೇಳಬಹುದಿತ್ತು, ಅದು ಮುಗಿಯುವವರೆಗೆ ಅವನು ದೇಶ ಬಿಡುವಂತಿರಲಿಲ್ಲ, ಆಸ್ತಿ ಪರಭಾರೆ ಮಾಡುವಂತಿರಲಿಲ್ಲ. ಕುರ್ಚಿಯಿಂದ ಇಳಿಯುವ ದಿನ ಗೊತ್ತಿದ್ದವನು, ಇಳಿದ ಮರುದಿನ ಯಾರು ಬೇಕಾದರೂ ಪ್ರಶ್ನಿಸಬಹುದೆಂದು ತಿಳಿದವನು, ಕೂತಿರುವಾಗಲೇ ಒಂದಿಷ್ಟು ಕೇಳಿಸಿಕೊಳ್ಳುತ್ತಾನೆ. ಇಳಿಯುವ ದಿನವೇ ಇಲ್ಲವೆಂದು ನಂಬಿದವನ ವಿಷಯದಲ್ಲಿ ಏನು ಮಾಡಬೇಕು ಎಂಬುದಕ್ಕೆ ಅವರಲ್ಲಿ ಇದ್ದ ಉತ್ತರ ಬಹಿಷ್ಕಾರ: ಮಡಕೆಯ ಚೂರುಗಳ ಮೇಲೆ ಹೆಸರು ಗೀಚಿ ಮತ ಹಾಕಿ ಹತ್ತು ವರ್ಷ ಊರಾಚೆ ಕಳಿಸುತ್ತಿದ್ದರು, ಅವನ ಆಸ್ತಿಯನ್ನೂ ಪೌರತ್ವವನ್ನೂ ಮುಟ್ಟುತ್ತಿರಲಿಲ್ಲ. ಅದು ಒಳ್ಳೆಯವರ ಮೇಲೂ ಪ್ರಯೋಗವಾಯಿತು, ಆದ್ದರಿಂದ ಅದನ್ನು ಮರಳಿ ತರಬೇಕೆಂದು ನಾನು ಹೇಳಲಾರೆ. ಇಂದಿನ ಸಂವಿಧಾನಗಳಲ್ಲಿ ಅದರ ಜಾಗವನ್ನು ತುಂಬಿರುವುದು ಅವಧಿಯ ಮಿತಿ. ಅಮೆರಿಕದ ಅಧ್ಯಕ್ಷರಿಗೆ ಅದು ಲಿಖಿತ ನಿಯಮವಾದದ್ದು 1951ರಲ್ಲಿ. ಸಂದೇಹಿಯವರು ಮುಂದಿನ ಆಕ್ಷೇಪಣೆಯನ್ನು ಅಲ್ಲಿಂದ ಎತ್ತಬಹುದು.